ಆ ಪದ ಬರೆದ ಬೆರಳು

ಒಕಿನೊಹಾಮಾ
ಜುಲೈ 21

ಕುಸಾಕಾ ಅವರಿಗೆ,

ಮಳೆಗಾಲ ಮುಗಿಯಿತು ಎಂದು ರೇಡಿಯೊ ಹೇಳುತ್ತಿದೆ. ನಮ್ಮ ಬೀದಿಯಲ್ಲಿ ಮಾತ್ರ ನೆಂದ ತತಾಮಿ ಚಾಪೆಗಳ ರಾಶಿ ಇನ್ನೂ ಬಿದ್ದಿದೆ. ಬಿಸಿಲು ಏರಿದಂತೆ ಕೆಸರು ವಾಸನೆಯೂ ಏರುತ್ತದೆ. ನಿಮ್ಮ ಹಕಾತಾದಲ್ಲಿ ಸೆಖೆ ಹೇಗಿದೆಯೋ.

ಮಾರ್ಚ್‌ನಲ್ಲಿ ನನ್ನ ತಮ್ಮ ಕಾನಾಮೆಯ ಅಂತ್ಯಕ್ರಿಯೆಗೆ ನೀವು ಬಂದಿದ್ದಿರಿ. ಅವನ ಕಚೇರಿಯ ಗೆಳೆಯ ಎಂದು ಯಾರೋ ತೋರಿಸಿದರು. ನಿಮ್ಮ ಮುಖ ನನಗೆ ಸರಿಯಾಗಿ ನೆನಪಿಲ್ಲ. ಕತ್ತಿನ ಹಿಂದೆ ಕೂದಲು ಅಡ್ಡಾದಿಡ್ಡಿ ಬೆಳೆದಿತ್ತು, ಅದು ನೆನಪಿದೆ. ನನ್ನ ಕಸುಬು ಕ್ಷೌರ. ಜನರನ್ನು ನಾನು ಹಿಂದಿನಿಂದಲೇ ಹೆಚ್ಚು ನೋಡುತ್ತೇನೆ.

ಈ ತಿಂಗಳ ಆರನೆಯ ತಾರೀಖು ಇಲ್ಲಿ ಏನಾಯಿತೆಂದು ನಿಮಗೆ ಗೊತ್ತು. ತಾಚಿ ನದಿ ಏರಿದಾಗ ಮುಚ್ಚಬೇಕಾದ ತೂಬಿನ ಬಾಗಿಲು ತೆರೆದುಕೊಂಡಿತು. ಹೊಳೆಯ ನೀರೆಲ್ಲ ಶಿಂದೆನ್ ಕೇರಿಗೆ ನುಗ್ಗಿತು. ಆ ಬಾಗಿಲನ್ನು ತಿರುಗಿಸಲು ಮೊದಲು ಊರಿನ ಇಬ್ಬರು ಮುದುಕರಿದ್ದರು. ಅವರ ಕೈಲಾಗುವುದಿಲ್ಲ ಎಂದಾಗ, ಬಾಗಿಲು ಕಂಪ್ಯೂಟರಿನಿಂದ ತಾನಾಗಿ ತೆರೆದು ಮುಚ್ಚುವಂತೆ ಮಾಡಲು ನಿಮ್ಮ ಕಂಪನಿ ಬಂತು. ನಮ್ಮೂರಿನ ಕೆಲಸ, ನಾನೇ ಮಾಡುತ್ತೇನೆ ಎಂದು ಕಾನಾಮೆ ಹಟ ಹಿಡಿದು ತೆಗೆದುಕೊಂಡ. ಕೆಲಸ ಮುಗಿದ ಮೂರನೆಯ ವಾರ ಅವನ ತಲೆಯೊಳಗೆ ರಕ್ತನಾಳ ಒಡೆಯಿತು. ಬಾಗಿಲು ಕೆಲಸ ಮಾಡುವುದನ್ನು ಅವನು ಒಂದು ಮಳೆಯಲ್ಲೂ ನೋಡಲಿಲ್ಲ.

ಮೊನ್ನೆ ತೊಕುಹಿಸಾ ಅವರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದೆ. ಶಿಂದೆನ್ ಕೇರಿಯವರು, ಸಮುದ್ರ ಪಾಚಿ ಬೆಳೆಯುತ್ತಿದ್ದವರು. ಹಾಸಿಗೆ ಹಿಡಿದಿದ್ದ ಅವರ ಹೆಂಡತಿ ಸಾವಾ ಅವರನ್ನು ಮಹಡಿಗೆ ಹೊತ್ತೊಯ್ಯುವುದರೊಳಗೆ ನೀರು ಹಾಸಿಗೆಯ ಮೇಲೆ ಬಂದಿತ್ತಂತೆ. ಈಗ ಆಸ್ಪತ್ರೆಯಲ್ಲಿದ್ದಾರೆ, ನ್ಯುಮೋನಿಯಾ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮೀನಿನಂಗಡಿಯವನು ಪೇಪರು ಮಡಿಸಿ ಕೇಳಿದ:

"ಅಲ್ಲಾ, ನದಿ ಏರಿದಾಗ ಮುಚ್ಚೋ ಬದ್ಲು ತೆಗೀತು ಅಂದ್ರೆ ಏನರ್ಥ?"

"ಲೆಕ್ಕ ಬರೆದೋನಿಗೆ ಲೆಕ್ಕ ಬರ್ತಿರ್ಲಿಲ್ಲ ಅಂತ ಅರ್ಥ," ಎಂದರು ತೊಕುಹಿಸಾ. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ಕಂಡಿರಬೇಕು. "ನೀನು ಸುಮ್ನೆ ಪೇಪರ್ ಓದೋ. ಯಾರ ಅಂಗಡೀಲಿ ಕೂತಿದೀಯ ಅನ್ನೋದು ನೆನಪಿರ್ಲಿ," ಎಂದು ಅವನನ್ನೇ ಗದರಿಸಿದರು.

ಇದರ ಹಿಂದಿನ ವಾರ ನಿಮ್ಮ ಯಜಮಾನ ಒನೊದೆರಾ ಬಂದಿದ್ದರು. ಧೂಪ ಹಚ್ಚಿದರು. ನಾನಿಟ್ಟ ಬಾರ್ಲಿ ಚಹಾ ಮುಟ್ಟಲಿಲ್ಲ. ಕಾನಾಮೆಯ ಕಂಪ್ಯೂಟರ್ ಕಂಪನಿಯದು, ವಾಪಸು ಕೊಡಿ ಎಂದರು. ಯಾಕೆ ಎಂದೆ. ಉತ್ತರ ಕೊಡದೆ ಮತ್ತೆ ಅದನ್ನೇ ಕೇಳಿದರು. ಎಲ್ಲಿಟ್ಟೆನೋ ಹುಡುಕಬೇಕು ಎಂದು ಸುಳ್ಳು ಹೇಳಿದೆ. ಬಿಸಿ ಟವಲುಗಳ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಅದನ್ನು ಬಟ್ಟೆ ಸುತ್ತಿ ಇಟ್ಟಿದ್ದೇನೆ.

ನಮ್ಮ ತಾಯಿ ಹೋದಾಗ ಅವನಿಗೆ ಒಂಬತ್ತು. ಬೆಳೆಸಿದವಳು ನಾನು. ತಪ್ಪನ್ನು ಸತ್ತವನ ಮೇಲೆ ಹಾಕಿದರೆ ಕಂಪನಿಗೆ ಸುಲಭ, ಅವನು ಎದ್ದು ಬಂದು ತಕರಾರು ಮಾಡುವುದಿಲ್ಲ. ಅದಕ್ಕೆ ನಿಮ್ಮನ್ನು ನೇರವಾಗಿ ಕೇಳುತ್ತೇನೆ. ಆ ಬಾಗಿಲನ್ನು ತೆರೆಸಿದ ತಪ್ಪು ಅವನದೇ?

ಇವಾನಾಗಾ ಮಿಯೊಕೊ
ಕಾನಾಮೆಯ ಅಕ್ಕ


ಹಕಾತಾ
ಜುಲೈ 29

ಅಕ್ಕನವರಿಗೆ ನಮಸ್ಕಾರ,

ನಿಮ್ಮ ಪತ್ರ ಬಂದು ಕೆಲವು ದಿನಗಳಾದವು. ತಡವಾಯಿತು, ಕ್ಷಮಿಸಿ. ಕಾನಾಮೆ ನಿಮ್ಮನ್ನು ಅಕ್ಕ ಎಂದೇ ಹೇಳುತ್ತಿದ್ದ. ನನಗೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಅವನು ತಪ್ಪು ಮಾಡಲಿಲ್ಲ. ಮೊದಲು ಇಷ್ಟನ್ನು ನಂಬಿ.

ಏನಾಯಿತು ಎಂದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನದಿಯ ಎತ್ತರವನ್ನು ಅಳೆಯುವ ಉಪಕರಣ ಸೇತುವೆಯ ಕೆಳಗಿದೆ. ಅದು ಸೆಂಟಿಮೀಟರ್ ಲೆಕ್ಕದಲ್ಲಿ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ರೇಡಿಯೊ ಮೂಲಕ ತೂಬಿನ ಮನೆಗೆ ಹೋಗಬೇಕು. ಅಲ್ಲಿನ ರೇಡಿಯೊ ಹಳೆಯದು, ಅದರಲ್ಲಿ ಒಂದು ಸಂಖ್ಯೆಗೆ ಇರುವ ಜಾಗ ಬಹಳ ಚಿಕ್ಕದು. ಸೊನ್ನೆಯಿಂದ ಇನ್ನೂರ ಐವತ್ತೈದರ ತನಕ ಮಾತ್ರ ಹಿಡಿಯುತ್ತದೆ. ಇನ್ನೂರ ಐವತ್ತಾರು ಬಂದರೆ ಮತ್ತೆ ಸೊನ್ನೆಯಿಂದ ಶುರು. ಆರನೆಯ ತಾರೀಖು ತಾಚಿ ನದಿ ಎರಡು ಮೀಟರ್ ಐವತ್ತಾರು ಸೆಂಟಿಮೀಟರ್ ಮುಟ್ಟಿತು. ನದಿ ಒಣಗಿದೆ ಎಂಬ ಸುದ್ದಿ ತೂಬಿನ ಮನೆಗೆ ಹೋಯಿತು. ಊರಿನ ಕಾಲುವೆಯ ನೀರನ್ನು ನದಿಗೆ ಬಿಡೋಣ ಎಂದು ಅದು ಬಾಗಿಲು ತೆರೆಯಿತು.

ಬೇರೆ ಎಷ್ಟೋ ಭಾಷೆಗಳಲ್ಲಿ ದೊಡ್ಡ ಸಂಖ್ಯೆ ಚಿಕ್ಕ ಜಾಗಕ್ಕೆ ಯಾರಿಗೂ ಹೇಳದೆ ಜಾರಿಬಿಡುತ್ತದೆ. ನಾವು ಬರೆಯುವುದು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ. ಅದು ಗಣಿತದ ಸೂತ್ರಗಳಂತೆ ಬರೆಯುವ ಭಾಷೆ, ಬಹಳ ಕಟ್ಟುನಿಟ್ಟು. ಅದರಲ್ಲಿ ಒಂದು ಬಗೆಯ ಸಂಖ್ಯೆ ಇನ್ನೊಂದು ಬಗೆಯಾಗಿ ತಾನಾಗಿ ಬದಲಾಗುವುದೇ ಇಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ, ನಾವು ಬರೆದದ್ದನ್ನು ಓದಿ ನೋಡುವ ಕಂಪೈಲರ್ ಒಪ್ಪುವುದಿಲ್ಲ, ಗದರುತ್ತದೆ. ಬದಲಾಯಿಸಬೇಕಾದರೆ ನಡುವೆ ಒಂದು ಪದವನ್ನು ಕೈಯಾರೆ ಬರೆಯಬೇಕು. ಆ ಪದ ಕಂಡರೆ ಕಂಪೈಲರಿಗೆ ಸಮಾಧಾನವಾಗುತ್ತದೆ. ಸಂಖ್ಯೆ ಒಳಗೆ ಹಿಡಿಯುತ್ತದೋ ಇಲ್ಲವೋ ಎಂದು ಮಾತ್ರ ಅದು ಕೇಳುವುದಿಲ್ಲ.

ನಮ್ಮಂಥವರಿಗೆ ಒಂದು ಅಭ್ಯಾಸ ಇದೆ. ಕಂಪೈಲರ್ ಒಪ್ಪಿತೆಂದರೆ ಮುಗಿಯಿತು, ಇನ್ನು ತಪ್ಪಿರಲಾರದು ಎಂದು ಎದ್ದುಬಿಡುತ್ತೇವೆ. ಸಡಿಲ ಭಾಷೆಯಲ್ಲಿ ಬರೆಯುವವರಾದರೆ ಹೆದರಿ ಹತ್ತು ಸಲ ಪರೀಕ್ಷಿಸುತ್ತಾರೆ.

ಕಾನಾಮೆ ಆ ಕಂಪೈಲರಿಗೆ 'ಅಕ್ಕ' ಎಂದು ಹೆಸರಿಟ್ಟಿದ್ದ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಬಿಡುವುದಿಲ್ಲ ಎಂದು ನಗುತ್ತಿದ್ದ. ನಿಮಗೆ ಬೇಸರವಾಗದಿರಲಿ. ಕಚೇರಿಯಲ್ಲಿ ನಾವೆಲ್ಲರೂ ಈಗಲೂ ಹಾಗೆಯೇ ಅನ್ನುತ್ತೇವೆ.

ದಯವಿಟ್ಟು ಕಂಪ್ಯೂಟರನ್ನು ಯಜಮಾನರಿಗೆ ಕೊಟ್ಟುಬಿಡಿ. ಅದರಲ್ಲಿ ನಿಮಗೆ ಬೇಕಾದದ್ದು ಏನೂ ಇಲ್ಲ.

ನಿಮ್ಮ
ಕುಸಾಕಾ


ಒಕಿನೊಹಾಮಾ
ಆಗಸ್ಟ್ 4

ಕುಸಾಕಾ ಅವರಿಗೆ,

ನನ್ನ ಓದು ಒಂಬತ್ತನೆಯ ತರಗತಿಗೆ ನಿಂತಿತು. ಆಮೇಲೆ ಕ್ಷೌರದ ಶಾಲೆ. ಆದ್ದರಿಂದ ನಿಮ್ಮ ಪತ್ರವನ್ನು ಗಿರಾಕಿಗಳಿಲ್ಲದಾಗಲೆಲ್ಲ ತೆಗೆದು ಓದಿದೆ. ಸಂಖ್ಯೆ, ಜಾಗ, ರೇಡಿಯೊ ಎಲ್ಲ ಅರ್ಥವಾಯಿತು. ಚೆನ್ನಾಗಿ ಬರೆದಿದ್ದೀರಿ. ಚೆನ್ನಾಗಿ ಬರೆದ ಪತ್ರವೆಂದರೆ ನನಗೆ ಸ್ವಲ್ಪ ಭಯ.

ಯಂತ್ರಕ್ಕೆ ನನ್ನನ್ನು ಕರೆಯುವ ಹೆಸರಿಟ್ಟ ಕಥೆ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಒಂದಿಷ್ಟು ಹೊತ್ತು ಕೂತೆ. ಅದನ್ನು ಬರೆದರೆ ನಾನು ಮೆತ್ತಗಾಗುತ್ತೇನೆ ಎಂದು ನಿಮಗೆ ಗೊತ್ತಿತ್ತೇ?

ನಿಮ್ಮ ಪತ್ರದಲ್ಲಿ ನದಿ ಇದೆ, ರೇಡಿಯೊ ಇದೆ, ಗದರುವ ಯಂತ್ರ ಇದೆ. ಮನುಷ್ಯರಿಲ್ಲ. ಸಂಖ್ಯೆ ತಾನಾಗಿ ಬದಲಾಗುವುದಿಲ್ಲ, ಪದವನ್ನು ಕೈಯಾರೆ ಬರೆಯಬೇಕು ಎಂದು ನೀವೇ ಹೇಳಿದಿರಿ. ಹಾಗಾದರೆ ಬರೆದ ಕೈ ಒಂದಿರಬೇಕು. ಅದು ಯಾರದು ಎಂದು ಬರೆಯದೆ ಇಷ್ಟು ಉದ್ದ ಪತ್ರ ಬರೆಯಲು ಎಷ್ಟು ಕಷ್ಟವಾಗಿರಬೇಕು.

ನೀವೂ ಕಂಪ್ಯೂಟರ್ ಕೇಳುತ್ತಿದ್ದೀರಿ. ಏನೂ ಇಲ್ಲದ ವಸ್ತುವನ್ನು ಇಬ್ಬರು ಯಾಕೆ ಕೇಳುತ್ತಾರೆ?

ನಿನ್ನೆ ಕೇರಿಯ ಇಬ್ಬರು ಹೆಂಗಸರು ನನ್ನ ಅಂಗಡಿ ದಾಟುವಾಗ ಆಚೆ ಬದಿಗೆ ಸರಿದು ನಡೆದರು. ಕಾನಾಮೆ ಶಾಲೆಗೆ ಹೋಗುವಾಗ ಅವರ ಮನೆಯ ಕಾಕಿ ಹಣ್ಣು ಕದಿಯುತ್ತಿದ್ದ, ಆಗಲೂ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ.

ಒಂದೇ ಮಾತಿನಲ್ಲಿ ಉತ್ತರ ಕೊಡಿ.

ಮಿಯೊಕೊ


ಹಕಾತಾ
ಆಗಸ್ಟ್ 8

ಅಕ್ಕನವರಿಗೆ,

ನಾನು. ಆ ಸಾಲು ನನ್ನ ಹೆಸರಿನಲ್ಲಿದೆ. ನಮ್ಮ ಕೆಲಸದಲ್ಲಿ ಪ್ರತಿ ಸಾಲಿನ ಪಕ್ಕದಲ್ಲೂ ಬರೆದವರ ಹೆಸರು ಉಳಿಯುತ್ತದೆ. ಯಾರು ಬೇಕಾದರೂ ನೋಡಬಹುದು. ಪುರಸಭೆಗೂ ಹಾಗೆಯೇ ಹೇಳಿದ್ದೇನೆ.

ಮೊದಲೇ ಹೇಳಬೇಕಿತ್ತು. ಓಬೊನ್ ಹಬ್ಬಕ್ಕೆ ಬಂದು ಕಾನಾಮೆಗೆ ಧೂಪ ಹಚ್ಚಲು ಅನುಮತಿ ಕೊಡುತ್ತೀರಾ?

ಕುಸಾಕಾ


ಒಕಿನೊಹಾಮಾ
ಆಗಸ್ಟ್ 20

ಕುಸಾಕಾ ಅವರಿಗೆ,

ಹದಿನಾಲ್ಕರಂದು ನೀವು ಬಂದು ಹೋದಿರಿ. ನಡೆದದ್ದು ನಿಮಗೂ ಗೊತ್ತು. ಆದರೆ ನಿಮ್ಮ ಕಣ್ಣು ಮುಚ್ಚಿತ್ತು, ನನ್ನದು ತೆರೆದಿತ್ತು. ಅದಕ್ಕೆ ನನಗೆ ಕಂಡದ್ದನ್ನು ಬರೆಯುತ್ತೇನೆ.

ಬಾಗಿಲಲ್ಲಿ ಬಿಳಿ ಲಾಂದ್ರ ತೂಗುಹಾಕಿದ್ದೆ. ಸತ್ತವರು ಮೊದಲನೆಯ ಓಬೊನ್‌ಗೆ ಮನೆಗೆ ಬರುವಾಗ ದಾರಿ ತಪ್ಪಬಾರದಲ್ಲ. ನೀವು ಅದರ ಕೆಳಗೆ ನಿಂತು ಒಳಗೆ ಬರಲು ಹಿಂಜರಿದಿರಿ. ನಾನು ಕಾನಾಮೆಯ ಚಿತ್ರವಿಟ್ಟ ಗೂಡಿನ ಕಡೆಗೆ ಕರೆಯಲಿಲ್ಲ. ಕುರ್ಚಿ ತೋರಿಸಿದೆ.

"ಮೊದ್ಲು ಕೂತ್ಕೊಳ್ಳಿ. ಈ ಅವತಾರದಲ್ಲಿ ನನ್ನ ತಮ್ಮನ ಮುಂದೆ ಹೋಗ್ಬೇಡಿ."

"ಅಕ್ಕಾ, ನಾನು ಕ್ಷೌರಕ್ಕೆ ಬಂದಿಲ್ಲ..."

"ಕೂತ್ಕೊಳ್ಳಿ ಅಂದೆ."

ಬಿಸಿ ಟವಲ್ ಮುಚ್ಚಿದೆ, ನೊರೆ ಹಚ್ಚಿದೆ. ಕತ್ತಿಯನ್ನು ಗಂಟಲಿನ ಮೇಲಿಟ್ಟು ಕೇಳಿದೆ, "ಆ ಪದ ಬರೆದಿದ್ದು ನೀವಾ?"

"ಹೌದು. ನಾನೇ."

ಗಂಟಲು ಅಲುಗಲಿಲ್ಲ. ಆಮೇಲೆ ಕೇಳಿದೆ, "ಕಾನಾಮೆಗೆ ಗೊತ್ತಿತ್ತಾ?"

ಆಗ ನೀವು ಉಗುಳು ನುಂಗಿದಿರಿ. ನಾನು ಕತ್ತಿ ಎತ್ತದಿದ್ದರೆ ರಕ್ತ ಬರುತ್ತಿತ್ತು. "ಇಲ್ಲ, ಗೊತ್ತಿರ್ಲಿಲ್ಲ," ಎಂದಿರಿ. ಮೊದಲ ಮಾತು ನಿಜ, ಎರಡನೆಯದು ಸುಳ್ಳು ಎಂದು ಆಗಲೇ ನಿರ್ಧರಿಸಿದೆ. ಅವನಿಗೆ ಗೊತ್ತಾಗಿತ್ತು, ಸರಿಮಾಡು ಎಂದು ನಿಮಗೆ ಹೇಳಿದ್ದ, ನೀವು ಮಾಡಲಿಲ್ಲ. ಅವನು ಸತ್ತ ಮೇಲೆ ಹೇಳಲು ಯಾರೂ ಉಳಿಯಲಿಲ್ಲ. ನನಗೆ ಹಾಗೆ ಕಾಣುತ್ತದೆ. ಅಲ್ಲ ಎನ್ನುವುದಾದರೆ ಬರೆಯಿರಿ.

ಧೂಪ ಹಚ್ಚಿ ನೀವು ತಲೆ ಎತ್ತದೆ ಕೂತಿರಿ. ಕಲ್ಲಂಗಡಿ ಕೊಯ್ದು ಇಟ್ಟೆ, ತಿನ್ನಲಿಲ್ಲ. ಹೊರಡುವಾಗ ಮತ್ತೆ ಕಂಪ್ಯೂಟರ್ ಮಾತು ಎತ್ತಿದಿರಿ. ಕೊಡಲಿಲ್ಲ.

ಹದಿನೇಳರಂದು ಸಾವಾ ಅವರು ತೀರಿಕೊಂಡರು. ತಲೆಗೂದಲು ಸರಿಮಾಡಲು ನನ್ನನ್ನೇ ಕರೆದರು. ತೊಕುಹಿಸಾ ಪಕ್ಕದಲ್ಲಿ ನಿಂತಿದ್ದರು. "ನಿನ್ನ ತಮ್ಮ ಇದ್ದಿದ್ರೆ ನಾಲ್ಕು ಮಾತು ಕೇಳ್ತಿದ್ದೆ ಕಣಮ್ಮಾ. ಈಗ ಯಾರಿಗೆ ಬಯ್ಯೋದು?" ಎಂದರು.

ಅಲ್ಲಿಯೇ, ಸಾವಾ ಅವರ ತಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. "ನನ್ನ ತಮ್ಮ ಅಲ್ಲ. ಕುಸಾಕಾ ಅಂತ ಒಬ್ಬ. ನನ್ನ ಕುರ್ಚೀಲಿ ಕೂತು ಒಪ್ಕೊಂಡಿದಾನೆ." ಅಲ್ಲಿ ಕೇರಿಯವರೆಲ್ಲ ಇದ್ದರು.

ಹೇಳಿದ ಮೇಲೆ ಎದೆ ಹಗುರವಾಯಿತು. ನಿಮಗೆ ತಿಳಿದಿರಲಿ ಎಂದು ಬರೆದೆ.

ಇವಾನಾಗಾ ಮಿಯೊಕೊ


ಒಕಿನೊಹಾಮಾ
ಅಕ್ಟೋಬರ್ 2

ಕುಸಾಕಾ ಅವರಿಗೆ,

ಆಗಸ್ಟಿನ ನನ್ನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇಲ್ಲದವನು ಎಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಮತ್ತೆ ಬರೆಯುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ನೀವು ಶಿಂದೆನ್ ಕೇರಿಗೆ ಬಂದ ಸುದ್ದಿ ತೊಕುಹಿಸಾ ಹೇಳಿದರು. ಕಪ್ಪು ಕೋಟು ಹಾಕಿಕೊಂಡು ಮನೆಮನೆಗೂ ಯೊಕಾನ್ ಪೆಟ್ಟಿಗೆ ಹಿಡಿದು ಹೋದಿರಂತೆ. ಕ್ಷಮೆ ಕೇಳಲು ಹೋಗುವವರು ಅದನ್ನೇ ಒಯ್ಯುತ್ತಾರೆ, ಆ ಸಿಹಿ ಕಲ್ಲಿನಷ್ಟು ಭಾರ.

"ನಾನು ಪೆಟ್ಟಿಗೆ ಬೀದಿಗೆ ಎಸೆದೆ," ಎಂದರು ತೊಕುಹಿಸಾ. "ಎತ್ಕೊಂಡ. ಕೋಟಿನ ತೋಳಲ್ಲಿ ಒರೆಸಿದ. ಮತ್ತೆ ತಂದು ಮೆಟ್ಟಿಲ ಮೇಲಿಟ್ಟ. ಎಂಥ ಭಂಡ ಅವನು."

"ತಿಂದ್ರಾ?" ಎಂದು ಕೇಳಿದೆ.

"ಬೆಕ್ಕಿಗೂ ಹಾಕ್ಲಿಲ್ಲ."

ನಾನು ನಕ್ಕೆ ಎಂದು ಬರೆಯಬೇಕು. ನಕ್ಕದ್ದು ನಿಜ.

ಕಳೆದ ವಾರ ಒನೊದೆರಾ ಮತ್ತೆ ಬಂದರು. ಈ ಸಲ ಮುಖ ಸೊರಗಿತ್ತು. "ನೋಡಿಯಮ್ಮಾ, ಇನ್ನೂ ಮೂರು ಊರಿನ ತೂಬುಗಳಿವೆ. ಅವುಗಳೊಳಗೆ ಹೋಗೋ ಕೀಲಿ ಕಾನಾಮೆಯ ಕಂಪ್ಯೂಟರಲ್ಲಿ ಮಾತ್ರ ಇದೆ. ಅದಿಲ್ದೆ ಒಂದೊಂದನ್ನೂ ಬಿಚ್ಚಿ ಹೊಸದಾಗಿ ಕಟ್ತಾ ಕೂತಿದೀವಿ, ಇನ್ನೂ ಮುಗಿದಿಲ್ಲ. ದೊಡ್ಡ ಬಿರುಗಾಳಿ ಬಂದ್ರೆ ಅಲ್ಲೂ ಇದೇ ಗತಿ. ವಕೀಲರು ಬಾಯಿ ಬಿಡಬೇಡಿ ಅಂದಿದ್ರು, ಅದಕ್ಕೇ ಅವತ್ತು ಹೇಳ್ಲಿಲ್ಲ," ಎಂದರು. ಇಷ್ಟಕ್ಕೇ ಕೇಳುತ್ತಿದ್ದರು. ಟವಲ್ ಪೆಟ್ಟಿಗೆಯ ಕೆಳಗಿನಿಂದ ತೆಗೆದು ಕೊಟ್ಟೆ. ಬೇರೆ ಊರಿನ ಮನೆಗಳನ್ನು ಉಳಿಸುವ ಕೀಲಿಯ ಮೇಲೆ ನಾನು ಇಷ್ಟು ದಿನ ಕೂತಿದ್ದೆ.

ಅವರು ಈ ಸಲ ಚಹಾ ಕುಡಿದರು. ನೀವು ನೀವಾಗಿಯೇ ಕೆಲಸ ಬಿಟ್ಟಿರಿ ಎಂದರು. "ಒಳ್ಳೇ ಜೋಡಿ ಆಗಿದ್ರು ಇಬ್ರೂ. ನಮ್ಮಲ್ಲಿ ಒಂದು ಯಂತ್ರದ ಮುಂದೆ ಇಬ್ರು ಕೂರೋ ಪದ್ಧತಿ. ಒಬ್ಬ ಬರೀತಾನೆ, ಇನ್ನೊಬ್ಬ ನೋಡ್ತಾನೆ. ನಿಮ್ಮೂರಿನ ತೂಬು ಪೂರ್ತಿ ಹಾಗೇ ಆಗಿದ್ದು. ಕಾನಾಮೆಯ ಯಂತ್ರ ಹೊರಗಡೆ ಓಡಾಟಕ್ಕೆ, ಕಚೇರಿಯಲ್ಲಿ ಯಾವಾಗಲೂ ಕುಸಾಕಾ ಯಂತ್ರದ ಮುಂದೆ."

"ಹಾಗಾದ್ರೆ ಹೆಸರು ಯಾರದ್ದು ಬೀಳುತ್ತೆ?" ಎಂದು ಕೇಳಿದೆ.

"ಯಂತ್ರ ಯಾರದೋ ಅವರದ್ದು."

ಅವರು ಹೋದ ಮೇಲೆ ಒಂದು ಗಡ್ಡ, ಎರಡು ತಲೆ ಮುಗಿಸಿದೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಇರಲಿಲ್ಲ.

ಕುಸಾಕಾ ಅವರೇ, ನನ್ನ ತಮ್ಮನನ್ನು ನಾನು ಬಲ್ಲೆ. ಇನ್ನೊಬ್ಬರು ಕೆಲಸ ಮಾಡುವಾಗ ಅವನು ಕೈಕಟ್ಟಿ ನೋಡಿದವನಲ್ಲ. ಊಟಕ್ಕೆ ಕೂತರೆ ಮೀನಿನ ಮುಳ್ಳು ನಾನು ಬಿಡಿಸುವುದು ನಿಧಾನ ಎಂದು ನನ್ನ ತಟ್ಟೆಯನ್ನೇ ಎಳೆದುಕೊಳ್ಳುತ್ತಿದ್ದ. ಸ್ಟೇಷನ್ನಿನಲ್ಲಿ ಟಿಕೆಟ್ ಯಂತ್ರದ ಗುಂಡಿ ಒತ್ತಲು ನನಗೆ ಬಿಟ್ಟವನಲ್ಲ. "ಸರೀ, ಕೊಡಿಲ್ಲಿ," ಎಂದು ನುಗ್ಗುತ್ತಿದ್ದ. ಅಂಥವನು ತನ್ನ ಊರಿನ ಕೆಲಸದಲ್ಲಿ ನಿಮ್ಮ ಪಕ್ಕ ಸುಮ್ಮನೆ ಕೂತು ನೋಡುತ್ತಿದ್ದ ಎಂದರೆ ನಾನು ನಂಬಬೇಕೇ?

ನೀವು ಬರೆದದ್ದು 'ಆ ಸಾಲು ನನ್ನ ಹೆಸರಿನಲ್ಲಿದೆ' ಎಂದು. ಹೆಸರು ಗೊತ್ತಾಯಿತು. ಆ ದಿನ ಕೀಲಿಮಣೆಯ ಮೇಲಿದ್ದದ್ದು ಯಾರ ಬೆರಳು?

ಮಿಯೊಕೊ


ಹಕಾತಾ
ಅಕ್ಟೋಬರ್ 15

ಅಕ್ಕಾ,

ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ.

ನಾನು ಈಗ ಚಿಕ್ಕಮ್ಮನ ಅಂಗಡಿಯಲ್ಲಿ ಬೆಂತೊ ಊಟದ ಪೆಟ್ಟಿಗೆಗಳನ್ನು ತುಂಬಿಸುತ್ತಿದ್ದೇನೆ. ಆರೋಗ್ಯವಾಗಿದ್ದೇನೆ.

ಕುಸಾಕಾ


ಒಕಿನೊಹಾಮಾ
ಅಕ್ಟೋಬರ್ 19

ಕುಸಾಕಾ,

ನಿನ್ನ ಮೂರು ಸಾಲಿನಲ್ಲಿ ಉತ್ತರ ಇದೆ. ಆದರೆ ನನಗೆ ಊಹೆ ಬೇಡ. ಊಹೆ ಮಾಡಿಕೊಂಡೇ ನಾನು ನಿನ್ನನ್ನು ಒಂದು ಕೇರಿಯ ಮುಂದೆ ನಿಲ್ಲಿಸಿದೆ. ಇನ್ನೊಂದು ಸಲ ಹಾಗೆ ಮಾಡಲಾರೆ.

ನಾನು ಅಳುತ್ತೇನೆ ಎಂದು ಹೆದರಬೇಡ. ಅಳು ಬಂದರೆ ಅಂಗಡಿ ಮುಚ್ಚುತ್ತೇನೆ, ಅಷ್ಟೇ. ನಡೆದದ್ದನ್ನು ನಡೆದ ಹಾಗೆ ಬರೆ. ಅವನು ಏನೆಂದ ಎನ್ನುವುದನ್ನೂ ಬರೆ. ಅವನ ಹೊಸ ಮಾತು ಕೇಳಿ ಏಳು ತಿಂಗಳಾಯಿತು.

ಅಕ್ಕ


ಹಕಾತಾ
ಅಕ್ಟೋಬರ್ 27

ಅಕ್ಕಾ,

ಬೆರಳು ಅವನದು.

ಫೆಬ್ರವರಿ, ಮಧ್ಯಾಹ್ನ. ನದಿಯ ಸಂಖ್ಯೆಯನ್ನು ರೇಡಿಯೊಗೆ ಕೊಡುವ ಸಾಲಿಗೆ ಬಂದಿದ್ದೆವು. ಕೀಲಿಮಣೆ ನನ್ನ ಮುಂದಿತ್ತು. ಬಗೆ ಬೇರೆ, ಆಗುವುದಿಲ್ಲ ಎಂದು ಕಂಪೈಲರ್ ಗದರಿತು. ಕಾನಾಮೆ, "ನೋಡೋ, ಅಕ್ಕ ಮತ್ತೆ ಶುರು ಮಾಡಿದ್ಳು," ಎಂದ.

ಇಂಥ ಕಡೆ ಹಾಕಲು ಎರಡು ಪದಗಳಿವೆ. ಒಂದು, ನಿಮಗೆ ಮೊದಲು ಬರೆದದ್ದು. ಅದು ಏನನ್ನೂ ಕೇಳದೆ ಬದಲಾಯಿಸುತ್ತದೆ. ಇನ್ನೊಂದು, ಸಂಖ್ಯೆ ಹಿಡಿಯದಿದ್ದರೆ ಹಿಡಿಯುವುದಿಲ್ಲ ಎಂದು ಹೇಳುತ್ತದೆ. ಆಗ ಏನು ಮಾಡಬೇಕು ಎನ್ನುವುದನ್ನೂ ನಾವು ಬರೆಯಬೇಕು, ಕೆಲಸ ಉದ್ದವಾಗುತ್ತದೆ. ನಾನು ಎರಡನೆಯದನ್ನು ಹಾಕೋಣ ಎಂದೆ.

"ಯಾಕೆ? ನದಿ ಎರಡೂವರೆ ಮೀಟರ್ ದಾಟುತ್ತೆ ಅಂತಲಾ?"

"ದಾಟಿದ್ರೆ?"

"ಲೋ, ನಾನು ಹುಟ್ಟಿದ್ದೇ ಆ ದಡದ ಮೇಲೆ. ತಾಚಿ ನದಿ ನನಗೆ ಗೊತ್ತಿಲ್ವಾ? ಅಷ್ಟು ಏರಿದ ದಿನ ನಾನೇ ದೋಣಿ ತಗೊಂಡು ಹೋಗಿ ಬಾಗಿಲು ಮುಚ್ತೀನಿ. ಸರೀ, ಕೊಡಿಲ್ಲಿ."

ಕೀಲಿಮಣೆಯನ್ನು ಎಳೆದುಕೊಂಡ. ನಾನು ನಕ್ಕು ಬಿಟ್ಟುಕೊಟ್ಟೆ. ಮೊದಲನೆಯ ಪದವನ್ನು ಹೊಡೆದ. ಕಂಪೈಲರ್ ಸುಮ್ಮನಾಯಿತು. "ಅಕ್ಕ ಒಪ್ಪಿದ್ಳು, ಊಟಕ್ಕೆ ನಡಿ," ಎಂದು ಎದ್ದ. ನಾನೂ ಎದ್ದೆ. ಅವತ್ತು ಉದೋನ್ ತಿಂದೆವು. ಅವನು ಎರಡು ಬಟ್ಟಲು ತಿಂದ. ಆ ಸಾಲಿಗೆ ನಾವು ಮತ್ತೆ ಬರಲಿಲ್ಲ. ನೋಡುವವನ ಕೆಲಸ ನೋಡುವುದು. ನಾನು ನೋಡಿದ್ದೆ, ಹೇಳಿದ್ದೆ, ಆಮೇಲೆ ಸುಮ್ಮನಾದೆ.

ಕುರ್ಚಿಯಲ್ಲಿ ನೀವು ಕೇಳಿದಾಗ ಮೊದಲ ಉತ್ತರ ಕಷ್ಟವಾಗಲಿಲ್ಲ, ತಿಂಗಳಿಂದ ಅದನ್ನು ಎಲ್ಲರಿಗೂ ಹೇಳಿ ಅಭ್ಯಾಸವಾಗಿತ್ತು. ಅವನಿಗೆ ಗೊತ್ತಿತ್ತೇ ಎಂದು ಕೇಳುತ್ತೀರಿ ಎಂದು ನಾನು ಎಣಿಸಿರಲಿಲ್ಲ.

ಅವನಿದ್ದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ಆ ಮನೆಗಳ ಮುಂದೆ ತಲೆ ಬಗ್ಗಿಸುತ್ತಿದ್ದೆವು. ಅವನ ಅಂತ್ಯಕ್ರಿಯೆಯಲ್ಲಿ ನೀವೊಬ್ಬರೇ ನಿಂತಿದ್ದು ಕಣ್ಣ ಮುಂದಿತ್ತು. ಹೆಸರು ಹೇಗೂ ನನ್ನದಿದೆ, ಹಾಗೆಯೇ ಇರಲಿ ಎನಿಸಿತು. ನಿಮ್ಮ ಅನುಮಾನ ನನ್ನ ಮೇಲಿದ್ದರೆ ಅವನ ಮೇಲೆ ಹೋಗುವುದಿಲ್ಲವಲ್ಲ.

ಇದನ್ನು ಓದಿ ಹರಿದು ಹಾಕಿ. ಊರಿನವರಿಗೆ ಹೇಳುವ ಅಗತ್ಯವಿಲ್ಲ. ನನಗೆ ಅಲ್ಲಿ ಯಾರೂ ಇಲ್ಲ, ನೀವು ಅಲ್ಲಿಯೇ ಬಾಳಬೇಕು.

ಕುಸಾಕಾ


ಒಕಿನೊಹಾಮಾ
ನವೆಂಬರ್ 10

ಕುಸಾಕಾ,

ನಿನ್ನ ಪತ್ರ ಬಂದ ದಿನ ಅಂಗಡಿ ತೆರೆಯಲಿಲ್ಲ. ಮಾರನೆಯ ದಿನ ತೆರೆದೆ. ಹೀಗೆ ಕೆಲವು ದಿನ ಹೋಯಿತು. ದೋಣಿ ತೆಗೆದುಕೊಂಡು ಹೋಗುತ್ತೇನೆ ಎಂದನಂತೆ. ಅವನಿಗೆ ದೋಣಿ ನಡೆಸಲು ಬರುತ್ತಿರಲಿಲ್ಲ. ಅಪ್ಪನ ದೋಣಿಯಲ್ಲಿ ಪ್ರತಿ ಸಲವೂ ವಾಂತಿ ಮಾಡಿಕೊಳ್ಳುತ್ತಿದ್ದ. ಅದನ್ನು ನಿನಗೆ ಹೇಳಿರಲಿಕ್ಕಿಲ್ಲ.

ಅವನು ಹಾಗೆ ಹೇಳಿದ್ದು ನನಗೆ ಕೇಳಿಸುತ್ತದೆ, ದನಿ ಸಮೇತ. ಅದಕ್ಕೆ ನಿನಗೆ ಋಣಿ. ನಿನ್ನ ಉಳಿದ ಮಾತನ್ನು ಮಾತ್ರ ನಾನು ಕೇಳಲಾರೆ.

ನಿನ್ನೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಯೊಕಾನ್ ಕೊಂಡೆ. ಇರುವುದರಲ್ಲೇ ಭಾರವಾದ ಪೆಟ್ಟಿಗೆ ಕೊಡಿ ಎಂದೆ. ಕಪ್ಪು ಕಿಮೊನೊ ಉಟ್ಟು ಶಿಂದೆನ್ ಕೇರಿಗೆ ಹೋದೆ. ಮೊದಲು ತೊಕುಹಿಸಾ ಅವರ ಮನೆ. ಅಲ್ಲಿ ಆದರೆ ಉಳಿದ ಕಡೆ ಆಗುತ್ತದೆ ಎಂದು.

ಬಾಗಿಲು ತೆಗೆದ ತೊಕುಹಿಸಾ ನನ್ನ ಉಡುಪು ನೋಡಿ, ಪೆಟ್ಟಿಗೆ ನೋಡಿ, "ಏನಮ್ಮಾ ಇದು, ಯಾರಾದ್ರೂ ಸತ್ರಾ?" ಎಂದರು.

"ಇಲ್ಲ. ನಾನು ನಿಮಗೆ ಸುಳ್ಳು ಹೇಳಿದ್ದೆ. ಗೊತ್ತಿಲ್ದೆ ಹೇಳಿದ್ದು, ಆದ್ರೂ ಸುಳ್ಳೇ. ಆ ಪದ ಬರೆದಿದ್ದು ನನ್ನ ತಮ್ಮ."

"ಆ ಹಕಾತಾದೋನು?"

"ಪಕ್ಕದಲ್ಲಿ ಕೂತಿದ್ದ. ಬೇಡ ಅಂತ ಒಂದು ಸಲ ಹೇಳ್ದ. ಇವನು ಕೇಳ್ಲಿಲ್ಲ, ಅವನು ಎರಡನೇ ಸಲ ಹೇಳ್ಲಿಲ್ಲ."

"ಮತ್ತೆ ತಾನೇ ಮಾಡಿದ್ದು ಅಂತ ಯಾಕೆ ಬಂದ?"

"ನನಗೋಸ್ಕರ."

ಅವರು ಹಿಂದೆ ಸರಿದರು. ಬಾಗಿಲು ಎಳೆದುಕೊಂಡರು. ಚಿಲಕ ಹಾಕಿದ ಸದ್ದು ಕೇಳಿಸಿತು. ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಯೇ ನಿಂತೆ. ನನ್ನನ್ನು ದೂರದಿಂದ ದಾಟಿ ಹೋಗುತ್ತಿದ್ದ ಆ ಇಬ್ಬರು ಹೆಂಗಸರು ಎದುರು ಮನೆಯ ಅಂಗಳದಲ್ಲಿ ಮೂಲಂಗಿ ಒಣಹಾಕುತ್ತಿದ್ದರು. ಕೈ ನಿಲ್ಲಿಸಿ ನೋಡಿದರು. ನಾನೂ ಈ ಸಲ ತಲೆ ತಿರುಗಿಸಲಿಲ್ಲ.

ಎಷ್ಟು ಹೊತ್ತಾಯಿತೋ. ಚಿಲಕ ಮತ್ತೆ ತೆಗೆದ ಸದ್ದಾಯಿತು. ತೊಕುಹಿಸಾ ಅವರ ಕಣ್ಣು ಕೆಂಪಾಗಿತ್ತು, ಮಾತು ಒರಟಾಗಿತ್ತು.

"ಆ ಹುಡುಗ ತಂದ ಪೆಟ್ಟಿಗೇನ ನಾನು ಬೀದಿಗೆ ಎಸೆದೆ. ನೀನು ಹೇಳಿದ್ದು ಕೇಳಿ ಎಸೆದೆ."

"ಹೌದು."

"ಈಗ ನಿನ್ನದನ್ನ ಎಸೀಬೇಕು."

"ಎಸೀರಿ."

"ವಯಸ್ಸಾಯ್ತು, ತೋಳು ನೋಯುತ್ತೆ." ಬಾಗಿಲಿಗೆ ಕೈ ಊರಿದರು. "ನನಗೆ ಹೇಳಿ ಏನಾಗ್ಬೇಕು? ನೀರು ಬಂದಾಗ ನಾನು ಮಹಡಿ ಹತ್ತಿದೆ. ಹತ್ತೋಕೆ ಆಗದೇ ಇದ್ದೋಳು ಅವಳು. ಒಳಗೆ ಬಾ, ಅವಳಿಗೆ ಹೇಳು."

ಒಳಗೆ ಹೊಸ ತತಾಮಿ ಹಾಕಿದ್ದರು, ಹಸಿ ಹುಲ್ಲಿನ ವಾಸನೆ. ಗೂಡಿನಲ್ಲಿ ಸಾವಾ ಅವರ ಚಿತ್ರ. ನಾನು ಕೊನೆಯ ಸಲ ಬಾಚಿದಂತೆಯೇ ಕೂದಲು. ಪೆಟ್ಟಿಗೆಯನ್ನು ಚಿತ್ರದ ಮುಂದಿಟ್ಟೆ. ಹಣೆಯನ್ನು ಚಾಪೆಗೆ ಮುಟ್ಟಿಸಿ, ನನ್ನ ತಮ್ಮ ಮಾಡಿದ್ದು ಎಂದು ಹೇಳಿದೆ.

"ಯಾವ ತಮ್ಮ? ಹೆಸರಿಲ್ವಾ ಅವನಿಗೆ?" ಎಂದರು ಹಿಂದಿನಿಂದ ತೊಕುಹಿಸಾ.

ಜುಲೈನಿಂದ ಆ ಹೆಸರನ್ನು ನಾನು ಇನ್ನೊಬ್ಬರ ಬಾಯಿಂದ ಕಾಪಾಡಿಕೊಂಡು ಬಂದಿದ್ದೆ.

"ಇವಾನಾಗಾ ಕಾನಾಮೆ. ಪಕ್ಕದಲ್ಲಿ ಕೂತಿದ್ದವನು ಕುಸಾಕಾ," ಎಂದೆ.

"ಅವಳಿಗೆ ಕಿವಿ ಮಂದ. ನಿನಗೆ ಗೊತ್ತಲ್ಲ. ಜೋರಾಗಿ ಹೇಳು."

ತಲೆ ಎತ್ತಿದೆ. ಮೂಲಂಗಿ ಒಣಹಾಕುತ್ತಿದ್ದವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ.

ಅಕ್ಕ